ದೆವ್ವಕ್ಕೆ ಏನ್ ಬೇಕು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಈಗಿನ ಹುಡುಗ ಹುಡುಗೀರು ಓದೋ ದೆವ್ವದ ಕಾದಂಬರಿಗಳ ಬಗ್ಗೆ ನಾಲ್ಕು ಸಾಲು ಬರ್ದಿದ್ದೇ ತಪ್ಪಾಯ್ತು ನೋಡಿ. ಈ ಸಲ ಕೂದಲು ಉದುರೋ ಪ್ರಶ್ನೆ, ಅತ್ತೆ ಸೊಸೆ ಪ್ರಶ್ನೆ ಎಲ್ಲಾ ಹಿಂದಕ್ಕೆ ಹೋಗಿ ಟಪಾಲಲ್ಲಿ ಬರೀ ದೆವ್ವಗಳೇ. ಎಲ್ಲದಕ್ಕೂ ಉತ್ತರ ಕೊಡೋಕೆ ಜಾಗ ಇಲ್ಲ, ಐದನ್ನ ಆರಿಸ್ಕೊಂಡಿದೀನಿ, ಮೊದಲನೇದಕ್ಕೇ ಅರ್ಧ ಪುಟ ಹೋಗುತ್ತೆ ಅಂತ ಈಗ್ಲೇ ಹೇಳ್ಬಿಡ್ತೀನಿ.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ. ಒಂದು ಪ್ಯಾರಾನಾರ್ಮಲ್ ಕಾದಂಬರಿ ಬರೀತಿದೀನಿ. ಹದಿನಾರು ವರ್ಷದ ಹುಡುಗಿ, ಅವಳ ಅಣ್ಣ ನಾಲೆಗೆ ಬಿದ್ದು ತೀರ್ಕೊಂಡಿರ್ತಾನೆ, ಊರೋರೆಲ್ಲ ಆಕ್ಸಿಡೆಂಟ್ ಅಂತಾರೆ, ಇವಳಿಗೆ ಮಾತ್ರ ಅನುಮಾನ. ರಾತ್ರಿ ಮೂರು ಗಂಟೆಗೆ ಅಣ್ಣನ ಆತ್ಮ ಬಂದು ಕ್ಲೂ ಕೊಡುತ್ತೆ. ಮಂಜು, ಹಳೇ ಬಂಗ್ಲೆ, ಆತ್ಮ ಕರೆಯೋ ಓಯಿಜಾ ಬೋರ್ಡ್ ಎಲ್ಲಾ ಇಟ್ಟಿದೀನಿ, ದುಃಖದ ಐದು ಹಂತ ಅಂತಾರಲ್ಲ ಆ ಪ್ರಕಾರ ಐದು ಭಾಗ ಮಾಡಿದೀನಿ. ಫ್ರೆಂಡ್ಸ್ ಸೂಪರ್ ಅಂದ್ರು. ಕನ್ನಡ ಮೇಷ್ಟ್ರು ಮಾತ್ರ "ಇದು ಯಾವೂರಲ್ಲಿ ನಡೆಯೋದಮ್ಮಾ?" ಅಂತ ಕೇಳಿ ವಾಪಸ್ ಕೊಟ್ರು. ಕಥೆ ನಡೆಯೋದು ಮಂಡ್ಯದ ಹತ್ರಾನೇ. ಏನ್ ತಪ್ಪಾಗಿದೆ?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಮೇಷ್ಟ್ರ ಮೇಲೆ ಬೇಜಾರು ಮಾಡ್ಕೋಬೇಡ ಕಣಮ್ಮ (ನನ್ನ ಮಗಳ ವಯಸ್ಸಿನೋಳು, ನೀನು ಅಂತಲೇ ಅಂತೀನಿ). ಮಂಡ್ಯದಲ್ಲಿ ಮಂಜು ಬೀಳಲ್ವಾ, ಬೀಳುತ್ತೆ, ಡಿಸೆಂಬರ್ ಜನವರೀಲಿ ಗದ್ದೆ ಬಯಲಲ್ಲಿ ಎದುರಿಗಿರೋ ತೆಂಗಿನ ಮರ ಕಾಣಲ್ಲ. ಆದ್ರೆ ಆ ಮಂಜಲ್ಲಿ ಜನ ಇರ್ತಾರೆ, ಡೈರಿಗೆ ಹಾಲಿನ ಕ್ಯಾನ್ ತಗೊಂಡು ಹೋಗೋರು, ಕಬ್ಬು ತುಂಬ್ಕೊಂಡು ಓಲಾಡ್ತಾ ಬರೋ ಟ್ರಾಕ್ಟರ್, ಆಲೆಮನೆ ಹೊಗೆ. ನಿನ್ನ ಮಂಜಲ್ಲಿ ಯಾರೂ ಇಲ್ಲ. ಅದು ಸಿನಿಮಾದಿಂದ ಬಾಡಿಗೆಗೆ ತಂದ ಮಂಜು, ಮೇಷ್ಟ್ರಿಗೆ ಗೊತ್ತಾಗೋಗಿದೆ.

ಇನ್ನೊಂದು. ನಿನ್ನ ಹುಡುಗಿ ಅಣ್ಣ ಸತ್ತ ಮೇಲೆ ರೂಮಲ್ಲಿ ಒಬ್ಬಳೇ ಬಾಗಿಲು ಹಾಕ್ಕೊಂಡು ಕಿಟಕಿ ನೋಡ್ತಾ ಅಳ್ತಾಳೆ ಅಂತ ಬರ್ದಿರ್ತೀಯ, ಹೌದಾ? ನಮ್ಮ ಕಡೆ ಸಾವಾದ ಮನೇಲಿ ಒಬ್ಬರೇ ಕೂತು ಅಳೋಕೆ ಜಾಗ ಎಲ್ಲಿದೆ ಹೇಳು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮೂರು ದಿನಕ್ಕೆ ಹಾಲು ತುಪ್ಪ, ಹನ್ನೊಂದಕ್ಕೆ ತಿಥಿ, ಚಾಪೆ ಎಲ್ಲಿ ಹಾಸೋದು, ಸಾರಿಗೆ ಉಪ್ಪು ಸಾಕಾ, ಯಾವ ನೆಂಟರು ಮುನಿಸ್ಕೊಂಡು ಊಟ ಮಾಡ್ದೆ ಹೋದ್ರು. ಆ ಹುಡುಗಿಗೆ ಅಳೋಕೆ ಹನ್ನೊಂದು ದಿನ ಪುರುಸೊತ್ತೇ ಸಿಗಲ್ಲ, ಅವಳ ಅಣ್ಣನ ಮಂಚದ ಮೇಲೆ ಯಾರೋ ದೊಡ್ಡಮ್ಮ ಮಲಗಿರ್ತಾಳೆ. ಹನ್ನೆರಡನೇ ದಿನ ಶಾಮಿಯಾನ ಬಿಚ್ಕೊಂಡು ಹೋಗ್ತಾರಲ್ಲ, ಆಗ ಶುರುವಾಗುತ್ತೆ ಮನೆಯೊಳಗಿನ ನಿಶ್ಶಬ್ದ. ದೆವ್ವ ಬರೋದಾದ್ರೆ ಅವತ್ತು ಬರ್ಲಿ.

ಓಯಿಜಾ ಬೋರ್ಡ್ ತೆಗೆದು ಬಿಸಾಕು. ನಿನ್ನ ಹತ್ರ ಕಾಗೆ ಇದೆ, ಬೋರ್ಡ್ ಯಾಕೆ ಬೇಕು?

ನಮ್ಮ ಸೋದರಮಾವ ತೀರ್ಕೊಂಡಾಗ ಶ್ರೀರಂಗಪಟ್ಟಣದ ಹತ್ರ ಹೊಳೆ ದಂಡೇಲಿ ಪಿಂಡ ಇಟ್ಟು ಎಲ್ಲಾ ದೂರ ನಿಂತ್ವಿ. ಮರದ ತುಂಬಾ ಕಾಗೆ, ಒಂದೂ ಕೆಳಗಿಳೀಲಿಲ್ಲ. ಬಿಸಿಲು ಏರ್ತಾ ಇದೆ. ದೊಡ್ಡ ಮಗ ಮುಂದೆ ಹೋಗಿ "ಅಪ್ಪಾ, ಸಾಲ ನಾನು ತೀರಿಸ್ತೀನಿ" ಅಂದ, ಇಲ್ಲ. ನಮ್ಮತ್ತೆ "ತಂಗಿ ಮದುವೆ ಮಾಡಿಸ್ತೀವಿ ಕಣ್ರೀ" ಅಂದ್ರು, ಇಲ್ಲ. ಆಮೇಲೆ ಜಮೀನು, ಬಾವಿ, ಹಸು ಎಲ್ಲಾ ಹೇಳಿದ್ದಾಯ್ತು. ಕೊನೆಗೆ ಎಂಟನೇ ಕ್ಲಾಸಿನ ಕಿರೀ ಮಗಳು, ಯಾರೂ ಕಳಿಸ್ದೆ ತಾನೇ ಹೋಗಿ ಕುಕ್ಕರಗಾಲಲ್ಲಿ ಕೂತು "ಅಪ್ಪಾ ರೇಡಿಯೋ ಮಾರಕ್ಕೆ ಬುಡಲ್ಲ, ನಾನೇ ಇಟ್ಕತೀನಿ" ಅಂದ್ಲು. ಬಂತು ಕಾಗೆ. ಅದಕ್ಕೆ ಅಷ್ಟೊತ್ತಿಗೆ ಹಸಿವಾಗಿತ್ತೋ ಏನೋ ನಂಗೊತ್ತಿಲ್ಲ, ಆದ್ರೆ ಅಲ್ಲಿದ್ದ ನಲವತ್ತು ಜನಕ್ಕೂ ಆ ಕ್ಷಣ ಮೈ ಜುಮ್ ಅಂದಿದ್ದು ನಿಜ. ಆ ರೇಡಿಯೋ ಈಗ್ಲೂ ಇದೆ, ಹಾಡಲ್ಲ.

ಈಗ ನಿನ್ನ ಕಥೆಗೆ ಬಾ. ಅಣ್ಣನ ಪಿಂಡ ಕಾಗೆ ಮುಟ್ಟಲ್ಲ. ಅಪ್ಪ ಏನೋ ಹೇಳ್ತಾನೆ, ಅಮ್ಮ ಏನೋ ಹೇಳ್ತಾಳೆ, ಆಗಲ್ಲ. ಅಷ್ಟರಲ್ಲಿ ದೂರದಲ್ಲಿ ನಿಂತಿದ್ದ ಅಣ್ಣನ ಫ್ರೆಂಡು ಒಬ್ಬ ಮುಂದೆ ಬಂದು ಬಗ್ಗಿ ಯಾರಿಗೂ ಕೇಳಿಸ್ದೆ ಇರೋ ಥರ ಏನೋ ಹೇಳಿ ಎದ್ದು ಹೋಗ್ತಾನೆ, ಕಾಗೆ ಬರುತ್ತೆ. ಏನಂದ ಅವನು? ಇನ್ನೂರು ಪುಟ ಎಳೆಯೋಕೆ ಇದೊಂದು ಸಾಕಲ್ವಾ? ದೆವ್ವ ಒಂದು ಸಲಾನೂ ಬಾಯಿ ಬಿಡ್ಬೇಕಾಗಿಲ್ಲ. ಆತ್ಮಾನೇ ಬಂದು ಯಾರು ತಳ್ಳಿದ್ರು ಅಂತ ಹೇಳೋದಾದ್ರೆ ಪೊಲೀಸ್ ಸ್ಟೇಷನ್ ಯಾಕೆ, ನಿನ್ನ ಹುಡುಗಿ ಯಾಕೆ, ಓದೋರು ಯಾಕೆ? ದೆವ್ವಕ್ಕೆ ಉತ್ತರ ಗೊತ್ತಿರಬಾರ್ದು, ಅದಕ್ಕೆ ಏನೋ ಬೇಕಾಗಿರ್ಬೇಕು, ಅದೂ ಚಿಕ್ಕದು, ರೇಡಿಯೋ ಥರದ್ದು.

ಕ್ಲೂ ಬೇಕು ಅಂದ್ರೆ ನಾಲೇಲೇ ಇದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಯಾವಾಗ್ಲೂ ಇರಲ್ಲ ಅಂತ ನಿಂಗೂ ಗೊತ್ತು, ಕೆಆರ್‌ಎಸ್‌ನಲ್ಲಿ ನೀರು ಕಮ್ಮಿ ಇದ್ರೆ ಕಟ್ಟು ಪದ್ಧತೀಲಿ ಇಷ್ಟು ದಿನ ಬಿಡೋದು ಇಷ್ಟು ದಿನ ನಿಲ್ಸೋದು. ಅಣ್ಣ ಸತ್ತ ದಿನ ನೀರಿತ್ತು. ನೀರು ನಿಲ್ಸಿದ ಮೇಲೆ ಕೆಸರಲ್ಲಿ ಏನೇನು ಮೇಲೆ ಬರುತ್ತೆ? ಚಪ್ಪಲಿ, ಬಾಟ್ಲಿ, ಸ್ಕೂಟರ್ ಮಿರರ್, ಯಾರದ್ದೋ ಹೆಲ್ಮೆಟ್ಟು. ಅಣ್ಣ ಹೆಲ್ಮೆಟ್ ಹಾಕ್ತಾನೇ ಇರ್ಲಿಲ್ಲ ಅಂತ ತಂಗಿಗೆ ಗೊತ್ತು. ಆಮೇಲೆ ನೀರು ಬಿಡೋ ದಿನಾನೂ ಊರಿಗೆಲ್ಲ ಗೊತ್ತಿರುತ್ತೆ, ಗದ್ದೆ ಕೆಲಸ ನಿಂತಿರೋದೇ ಅದರ ಮೇಲೆ. ಅಂದ್ರೆ ನಿನ್ನ ಹುಡುಗಿಗೆ ಹುಡುಕೋಕೆ ಇರೋದು ಆ ನಡುವಿನ ದಿನ ಅಷ್ಟೇ. ಇಂಥ ಗಡುವು ಇಂಗ್ಲಿಷ್ ಕಾದಂಬರಿ ಬರೆಯೋರಿಗೆ ಎಲ್ಲಿ ಸಿಗ್ಬೇಕು! ಒಂದು ಮಾತು ಮಾತ್ರ, ಹುಷಾರಾಗಿ ಬರಿ. 2018ರ ನವೆಂಬರಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ರ ಬಸ್ಸು ಇದೇ ನಾಲೆಗೆ ಬಿದ್ದು 30 ಜನ ಹೋದ್ರು, ಅದ್ರಲ್ಲಿ ಸ್ಕೂಲ್ ಮಕ್ಕಳೂ ಇದ್ರು. ನಿನ್ನ ಪುಸ್ತಕ ಓದೋರಲ್ಲಿ ಆ ಮನೆಯೋರೂ ಇರಬಹುದು, ನಾಲೆ ಅವ್ರಿಗೆ ಸೀನರಿ ಅಲ್ಲ.

ಐದು ಹಂತದ ವಿಷಯ. ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಗೆ ಅಂತ ಎಲಿಸಬೆತ್ ಕೂಬ್ಲರ್ ರಾಸ್ ಅನ್ನೋ ಡಾಕ್ಟರು 1969ರಲ್ಲಿ ಬರೆದಿದ್ದು ಸಾವಿನ ಅಂಚಲ್ಲಿರೋ ರೋಗಿಗಳನ್ನ ಮಾತಾಡ್ಸಿ, ಅಂದ್ರೆ ಸಾಯೋರ ಮನಸ್ಸಿನ ಬಗ್ಗೆ. ಉಳಿದವ್ರ ದುಃಖಕ್ಕೆ ಅದನ್ನ ತಂದು ಅಂಟಿಸಿದ್ದು ಆಮೇಲಾಮೇಲೆ. ಯಾರೂ ಒಂದು ಎರಡು ಮೂರು ಅಂತ ಮೆಟ್ಲು ಹತ್ತಿದ ಹಾಗೆ ಅಳಲ್ಲಮ್ಮ. ಬೆಳಿಗ್ಗೆ ಒಪ್ಕೊಂಡಿರ್ತೀವಿ, ಸಾಯಂಕಾಲ ಅಭ್ಯಾಸಬಲದಲ್ಲಿ ನಾಲ್ಕು ತಟ್ಟೆ ಹಾಕಿರ್ತೀವಿ. ಭಾಗಗಳನ್ನ ಆ ಹೆಸರಲ್ಲಿ ಇಡ್ಬೇಡ.

ಮರೆತಿದ್ದೆ, ಫೋನು. ನಿನ್ನ ಕಥೇಲಿ ಫೋನೇ ಇಲ್ವಲ್ಲ? ಅಣ್ಣನ ನಂಬರಿಗೆ ತಂಗಿ ದಿನಾ ರಾತ್ರಿ ವಾಟ್ಸಾಪ್ ಮಾಡ್ತಾಳೆ ಅಂತ ಇಟ್ಕೋ, ಒಂದೇ ಟಿಕ್ಕು. ರೀಚಾರ್ಜ್ ಇಲ್ದೆ ನಂಬರ್ ಕಟ್ಟಾಗುತ್ತೆ, ಕಟ್ಟಾದ ನಂಬರನ್ನ 90 ದಿನ ಆದ್ಮೇಲೆ ಕಂಪನಿಯವ್ರು ಬೇರೆಯವ್ರಿಗೆ ಕೊಡಬಹುದು, ಅದು ನಮ್ಮ ದೇಶದ ನಿಯಮ. ಅಷ್ಟರಲ್ಲಿ ತಂಗಿಗೆ ಇದ್ಯಾವುದೂ ಗೊತ್ತಿಲ್ಲ. ಒಂದಿನ ಎರಡು ಟಿಕ್ಕು ಬೀಳುತ್ತೆ, ನೀಲಿ ಆಗುತ್ತೆ, ಆ ಕಡೆಯಿಂದ ಟೈಪಿಂಗ್ ಅಂತ ಬರುತ್ತೆ. ಬರೀತಿರುವಾಗ ನಂಗೇ ಮೈ ನಡುಗ್ತಿದೆ, ನೀನು ಮೂರು ಗಂಟೆ ರಾತ್ರಿ ಗಡಿಯಾರ ಹೊಡೆಸ್ತಾ ಕೂತಿದೀಯ.

ಪ್ರಶ್ನೆ: ನಮ್ಮ ಮಾವನವರು ತೀರಿಕೊಂಡು ಏಳು ತಿಂಗಳು. ಹದಿನಾಲ್ಕು ವರ್ಷದ ಮಗಳು ತಾತನ ಜೊತೆನೇ ಮಲಗ್ತಿದ್ದೋಳು. ಈಗ ಬರೀ ಆತ್ಮ, ಸಾವು, ಇಂಥ ಪುಸ್ತಕಗಳನ್ನೇ ಓದುತ್ತಾಳೆ. ಹೋದ ವಾರ "ತಾತ ಕೆಮ್ಮಿದ್ದು ಕೇಳಿಸ್ತು" ಅಂದಳು. ಪುಸ್ತಕ ಎಲ್ಲ ಎತ್ತಿಡಲಾ? ಯಾರಿಗಾದರೂ ತೋರಿಸಬೇಕಾ?
– ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ಮೇಡಂ, ಪುಸ್ತಕ ಎತ್ತಿಡಬೇಡಿ, ಎತ್ತಿಟ್ರೆ ಕದ್ದು ಓದ್ತಾಳೆ ಅಷ್ಟೇ. ಕೆಮ್ಮಿದ್ದು ಕೇಳಿಸ್ತು ಅಂದಿದ್ದಕ್ಕೆ ಗಾಬರಿ ಆಗ್ಬೇಡಿ. ವೇಲ್ಸ್‌ನಲ್ಲಿ ಡೆವಿ ರೀಸ್ ಅಂತ ಒಬ್ಬ ಹಳ್ಳಿ ಡಾಕ್ಟರು ಗಂಡ ಅಥವಾ ಹೆಂಡ್ತಿ ಸತ್ತ 293 ಜನರನ್ನ ಮಾತಾಡಿಸಿ 1971ರಲ್ಲಿ ಬರೆದ್ರು, ಅದ್ರಲ್ಲಿ ಹತ್ತತ್ರ ಅರ್ಧದಷ್ಟು ಜನಕ್ಕೆ ಹೋದವರು ಇಲ್ಲೇ ಇದ್ದಾರೆ ಅನ್ಸಿತ್ತು, ಕೆಲವರಿಗೆ ದನಿ ಕೇಳಿಸಿತ್ತು, ಕೆಲವರಿಗೆ ಕಂಡೇ ಇದ್ರು. ತಲೆ ಕೆಟ್ಟೋರಲ್ಲ ಅವ್ರು, ಸಾಮಾನ್ಯ ಜನ. ಹೆಚ್ಚಿನವರು ಅದನ್ನ ಯಾರ ಹತ್ರಾನೂ ಹೇಳ್ಕೊಂಡಿರ್ಲಿಲ್ಲ, ಹೇಳಿದ್ರೆ ಜನ ಏನಂತಾರೋ ಅಂತ. ನಿಮ್ಮ ಮಗಳು ನಿಮ್ಮ ಹತ್ರ ಬಂದು ಹೇಳಿದ್ಲಲ್ಲ, ಅದು ದೊಡ್ಡದು. ನೀವು ಏನಂದ್ರಿ ಅಂತ ಬರ್ದಿಲ್ಲ. "ಹಾಗೆಲ್ಲ ಮಾತಾಡ್ಬೇಡ" ಅಂದಿದ್ರೆ ಹೋಗಿ ಇನ್ನೊಂದ್ಸಲ ಕೇಳಿ, ಯಾವ ಥರ ಕೆಮ್ಮು, ಬೀಡಿ ಕೆಮ್ಮಾ, ಬಾಗಿಲು ತೆಗೀರಿ ಅನ್ನೋ ಕೆಮ್ಮಾ. ನೀವೂ ಆ ಕೆಮ್ಮು ಇಪ್ಪತ್ತು ವರ್ಷ ಕೇಳಿದೀರಿ.

ಆ ಪುಸ್ತಕಗಳಲ್ಲಿ ಮಕ್ಕಳಿಗೆ ಸಿಗೋದು ಹೆದರಿಕೆ ಒಂದೇ ಅಂದ್ಕೊಂಡಿದೀವಿ ನಾವು. ನಾನು ಗಮನಿಸಿದ ಹಾಗೆ ಅಲ್ಲಿ ದೊಡ್ಡೋರು ಯಾವಾಗ್ಲೂ ಏನೋ ಮುಚ್ಚಿಡ್ತಿರ್ತಾರೆ, ಮಕ್ಕಳು ಕಂಡುಹಿಡೀತಾರೆ. ಮನೇಲೂ ಹಂಗೇ ಅಲ್ವಾ, ತಾತಂಗೆ ಏನಾಗಿತ್ತು ಅಂತ ಆಸ್ಪತ್ರೇಲಿ ದೊಡ್ಡೋರು ಕಾರಿಡಾರಲ್ಲಿ ಪಿಸಪಿಸ ಮಾತಾಡಿ, ಮಗು ಬಂದ ತಕ್ಷಣ "ಏನಿಲ್ಲ ಪುಟ್ಟಾ, ಹೋಗಿ ಜ್ಯೂಸ್ ಕುಡಿ" ಅಂದಿರ್ತೀವಿ. ಅವಳಿಗೆ ಗೊತ್ತಿಲ್ದೇ ಇರೋದನ್ನ ಕೂರಿಸ್ಕೊಂಡು ಹೇಳಿ.

ಆದ್ರೆ ಊಟ ಬಿಟ್ಟಿದ್ರೆ, ನಿದ್ದೆ ಇಲ್ದೆ ಇದ್ರೆ, ಸ್ಕೂಲಿಗೆ ಹೋಗಲ್ಲ ಅಂತಿದ್ರೆ, "ನಾನೂ ತಾತನ ಹತ್ರ ಹೋಗ್ತೀನಿ" ಅನ್ನೋ ಥರದ ಮಾತು ಒಂದೇ ಒಂದ್ಸಲ ಬಂದಿದ್ರೂ ಕಾಯಬೇಡಿ, ಡಾಕ್ಟರ್ ಹತ್ರ ಹೋಗಿ. 14416ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಮೈಸೂರು ಮಂಡ್ಯ ಕಡೆ ಇಂಥ ಕಥೆ ಬರೆಯೋಕೆ ನಿಜವಾದ ದೆವ್ವದ ಜಾಗ ಯಾವುದಿದೆ ಸಾರ್? ವೀಕೆಂಡ್ ಬೈಕಲ್ಲಿ ಹೋಗಿ ನೋಡ್ಕೊಂಡು ಬರೋ ಪ್ಲಾನು.
– ಓದುಗ, ಮದ್ದೂರು

ಉತ್ತರ: ಎಲ್ರೂ ಹೇಳೋದು ಶ್ರೀರಂಗಪಟ್ಟಣದ ಸ್ಕಾಟ್ ಬಂಗ್ಲೆ. ಕರ್ನಲ್ ಸ್ಕಾಟ್ ಊರಿಂದ ವಾಪಸ್ ಬಂದಾಗ ಹೆಂಡ್ತಿ ಮಕ್ಕಳು ಕಾಲರಾಗೆ ಹೋಗಿದ್ರಂತೆ, ಆತ ಸಾಮಾನು ಸರಂಜಾಮು ಹಂಗಂಗೇ ಬಿಟ್ಟು ಹೊರಟೇ ಹೋದನಂತೆ, ಹಂಗೊಂದು ಕಥೆ. ಚೆನ್ನಾಗಿದೆ, ಆದ್ರೆ ಬಂಗ್ಲೆ ಕಥೆ ಬರೆದೂ ಬರೆದೂ ಸವೆದೋಗಿದೆ.

ತಲಕಾಡಿಗೆ ಹೋಗಿ. ಅಲ್ಲಿ ಎಲ್ರೂ ಮರಳು ನೋಡ್ತಾರೆ, ಶಾಪ ಹೇಳ್ತಾರೆ, ತಲಕಾಡು ಮರಳಾಗಲಿ ಮಾಲಂಗಿ ಮಡುವಾಗಲಿ ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ. ಸ್ವಲ್ಪ ನಿಧಾನಕ್ಕೆ ಯೋಚ್ನೆ ಮಾಡಿ, ಆ ಶಾಪ ಕೊಟ್ಟ ಅಲಮೇಲಮ್ಮ ಯಾರು? ಶ್ರೀರಂಗಪಟ್ಟಣ ಆಳ್ತಿದ್ದೋನ ಹೆಂಡ್ತಿ, ಗಂಡನ್ನ ಆಗಷ್ಟೇ ಕಳ್ಕೊಂಡ ಹೆಂಗಸು. 1610ರಲ್ಲಿ ರಾಜ ಒಡೆಯರ ಕೈಗೆ ಶ್ರೀರಂಗಪಟ್ಟಣ ಹೋಗಿದೆ, ಗಂಡ ಕಾಯಿಲೇಲಿ ಹೋಗಿದ್ದಾನೆ, ಇವಳಿಗೆ ಅಳೋಕೂ ಬಿಡ್ದೆ ಒಡವೆ ಕೊಡು ಅಂತ ಆಳು ಕಳಿಸ್ತಾರೆ. ಶಾಪ ಅಂದ್ರೆ ಅದು ಅಳೋಕೆ ಬಿಡದೇ ಇದ್ದೋಳ ಅಳು. ಮರಳಿಗೆ ಬೇರೆ ವಿವರಣೆ ಇದೆ, ಮೇಲ್ಗಡೆ ಮಾಧವಮಂತ್ರಿ ಅಣೆಕಟ್ಟೆ ಕಟ್ಟಿದ ಮೇಲೆ ಹೊಳೆ ಹರಿವು ಬದಲಾಗಿ ಪಾತ್ರದ ಮರಳು ಬಯಲಾಯ್ತು, ಗಾಳಿ ಅದನ್ನ ಊರ ಮೇಲೆ ಸುರೀತು ಅಂತ. ಎರಡೂ ಒಟ್ಟಿಗೆ ಇಟ್ಕೊಂಡು ಬರೀಬಹುದು, ಒಂದನ್ನ ಸುಳ್ಳು ಮಾಡ್ಬೇಕಾಗಿಲ್ಲ. ಮೈಸೂರು ಅರಮನೇಲಿ ಅಲಮೇಲಮ್ಮನ ವಿಗ್ರಹಕ್ಕೆ ಈಗ್ಲೂ ಪೂಜೆ ಇದೆ, ಗೊತ್ತಾ?

ಕನ್ನಂಬಾಡಿ ಇನ್ನೊಂದು. 1911ರಲ್ಲಿ ಕೆಆರ್‌ಎಸ್ ಕಟ್ಟೆ ಕೆಲಸ ಶುರುವಾಗಿ ನೀರು ನಿಂತು ಹಳೇ ಊರು, ವೇಣುಗೋಪಾಲಸ್ವಾಮಿ ಗುಡಿ ಎಲ್ಲಾ ಮುಳುಗ್ತು, ಬರ ಬಂದು ನೀರು ಇಳಿದಾಗ ಗುಡಿ ಮೇಲೆ ಕಾಣೋದು, ಆಮೇಲೆ ಅದನ್ನ ಬಿಚ್ಚಿ ಮೇಲಿನ ದಡದಲ್ಲಿ ಹೊಸ ಕನ್ನಂಬಾಡೀಲಿ ಮತ್ತೆ ಜೋಡಿಸಿದ್ರು. ಗುಡಿ ಬಂತು, ಮನೆಗಳು ಬರ್ಲಿಲ್ಲ. ಕಟ್ಟೆ 124.80 ಅಡಿ ತುಂಬಿದ ದಿನ ಮಂಡ್ಯದಲ್ಲೆಲ್ಲ ಖುಷಿ, ಬಾಗಿನ ಬಿಡ್ತಾರೆ. ಅವತ್ತು ಊರಲ್ಲಿ ಒಬ್ಬಳೇ ಒಬ್ಬಳು ಮುದುಕಿ ಮಾತ್ರ ಊಟ ಮಾಡಲ್ಲ ಅಂತ ಶುರು ಮಾಡಿ ನೋಡಿ.

ನನ್ನ ಓಟು ಮಾತ್ರ ಶ್ರೀರಂಗಪಟ್ಟಣದ ಹತ್ರದ ಪಶ್ಚಿಮವಾಹಿನಿಗೆ. ಕಾವೇರಿ ಅಲ್ಲಿ ಪಶ್ಚಿಮಕ್ಕೆ ತಿರುಗ್ತಾಳೆ ಅಂತ ಎಲ್ಲೆಲ್ಲಿಂದಲೋ ಅಸ್ಥಿ ಬಿಡೋಕೆ ಬರ್ತಾರೆ, 1948ರಲ್ಲಿ ಗಾಂಧೀಜಿ ಚಿತಾಭಸ್ಮಾನೂ ಅಲ್ಲೇ ಬಿಟ್ಟಿದ್ದು. ಅಲ್ಲಿ ಎಳ್ಳು, ದರ್ಭೆ, ಮಡಕೆ ಮಾರೋ ಅಂಗಡೀಲಿ ಕೂರೋ ಹದಿನೇಳು ವರ್ಷದ ಹುಡುಗ ನಿಮ್ಮ ಹೀರೋ ಆದ್ರೆ? ದಿನಕ್ಕೆ ಹತ್ತು ಮನೆ ದುಃಖ ನೋಡ್ತಾನೆ, ರೇಟು ಕೇಳ್ತಾನೆ, ಚಿಲ್ರೆ ಕೊಡ್ತಾನೆ. ಒಂದಿನ ಒಬ್ಬರು ಒಂದೇ ಹೆಸರು ಹೇಳ್ಕೊಂಡು ಎರಡನೇ ಸಲ ಅಸ್ಥಿ ತರ್ತಾರೆ. ಅಲ್ಲಿಗೆ ಬೈಕಲ್ಲಿ ಹೋದ್ರೆ ಮಾತ್ರ ಸೆಲ್ಫಿ ತೆಗೀಬೇಡಿ ಮಾರಾಯ್ರೇ, ಬಂದೋರ ಮುಖ ನೋಡಿ ಸಾಕು.

ಪ್ರಶ್ನೆ: ನೀವು ದೆವ್ವ ನಂಬ್ತೀರಾ? ಸುತ್ತಿ ಬಳಸಿ ಹೇಳ್ಬೇಡಿ.
– ಓದುಗ, ಕೆ.ಆರ್. ಪೇಟೆ

ಉತ್ತರ: ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆಲ್ಲ "ನಾಳೆ ಬಾ" ಅಂತ ಬರೀತಿದ್ರಲ್ಲ, ದೆವ್ವ ನಮ್ಮೋರ ದನೀಲೇ ಕರೆಯುತ್ತೆ ಅಂತ, ಆಗ ನಮ್ಮನೆ ಬಾಗಿಲಲ್ಲಿ ಇದ್ದಿಲಲ್ಲಿ ಬರೆದೋನು ನಾನೇ. ಅವಸರದಲ್ಲಿ "ನಾಳೆ ಭಾ" ಅಂತ ಬರ್ದಿದ್ದೆ. ಕಾಗುಣಿತ ತಪ್ಪಾಗಿದೆ, ದೆವ್ವಕ್ಕೆ ಓದೋಕೆ ಬರದೇ ಒಳಗೆ ಬಂದ್ರೆ ಅಂತ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಉತ್ತರ ಸಿಕ್ತಾ?

ಪ್ರಶ್ನೆ: ಈ ಥರ ಕಾದಂಬರಿ ಎಲ್ಲಾದ್ರಲ್ಲೂ ಕೊನೇಲಿ ನಿಜ ಹೊರಗೆ ಬರುತ್ತೆ, ಆತ್ಮಕ್ಕೆ ಶಾಂತಿ ಸಿಗುತ್ತೆ, ಬೆಳಕಲ್ಲಿ ಕರಗಿ ಹೋಗುತ್ತೆ, ಹುಡುಗಿ ನಗ್ತಾ ಕಾಲೇಜಿಗೆ ಹೋಗ್ತಾಳೆ. ಬೋರ್ ಹೊಡೀತಿದೆ. ಬೇರೆ ಎಂಡಿಂಗೇ ಇಲ್ವಾ?
– ಓದುಗಳು, ನಂಜನಗೂಡು

ಉತ್ತರ: ಇದೆ, ನಿಮ್ಮನೇಲೇ ಇದೆ. ಬೆಳಕಲ್ಲಿ ಕರಗಿ ಹೋಗೋ ದೆವ್ವ ನಮ್ಮ ಕಡೇದಲ್ಲ. ನಮ್ಮೋರು ಸತ್ರೂ ವರ್ಷಕ್ಕೊಂದ್ಸಲ ಊಟಕ್ಕೆ ಬರ್ತಾರೆ. ಮಹಾಲಯ ಅಮಾವಾಸ್ಯೆ ಹತ್ರ ಬರ್ತಿದ್ದಂಗೆ ಮಂಡ್ಯ ಮೈಸೂರು ಹಳ್ಳಿಗಳಲ್ಲಿ ಯಾರ ಮನೆಗೆ ಹೋದ್ರೂ ಹಿರಿಯರಿಗೆ ಎಡೆ ಇಡೋ ಗಡಿಬಿಡಿ, ಹೊಸ ಪಂಚೆ, ಸೀರೆ, ಮುದ್ದೆ, ಬಾಡಿನ ಸಾರು, ವಡೆ, ಅಜ್ಜಂಗೆ ಬೀಡಿ ಇಷ್ಟ ಅಂತ ಬೀಡಿ, ಚಿಕ್ಕಪ್ಪಂಗೆ ಕ್ವಾರ್ಟರ್. ಡಾಕ್ಟರು ಬೇಡ ಅಂದಿದ್ದೆಲ್ಲ ಆವತ್ತು ಎಲೆ ಮೇಲೆ ಇರುತ್ತೆ. ಸತ್ತೋರನ್ನ ಮರೆತು ಮುಂದೆ ಹೋಗೋದೇ ವಾಸಿ ಆಗೋದು ಅಂತ ಪಶ್ಚಿಮದ ದೇಶಗಳ ಕಡೆ ಬಹಳ ದಿನ ನಂಬ್ಕೊಂಡಿದ್ರು, 1996ರಲ್ಲಿ ಅಮೆರಿಕದ ಮೂರು ಜನ ಸಂಶೋಧಕರು ಪುಸ್ತಕ ಮಾಡಿ, ಇಲ್ಲ, ಹೋದೋರ ಜೊತೆ ನಂಟು ಬೇರೆ ಥರ ಮುಂದುವರಿಯುತ್ತೆ, ಅದು ಕಾಯಿಲೆ ಅಲ್ಲ ಅಂದ್ರು. ನಮ್ಮಜ್ಜಿಗೆ ಹೇಳಿದ್ರೆ "ಅದ್ಕೂ ಪುಸ್ತಕ ಬೇಕಿತ್ತಾ" ಅಂತಿದ್ಲು.

ಹಂಗಾಗಿ ಮೇಲೆ ಮಂಡ್ಯದ ಹುಡುಗಿ ಕಥೆ ಇದ್ಯಲ್ಲ, ಅದನ್ನೇ ಇಟ್ಕೊಂಡು ಹೇಳ್ತೀನಿ. ಕಾಗೆ ಮುಂದೆ ಫ್ರೆಂಡು ಏನಂದ ಅಂತ ಗೊತ್ತಾಗಿದೆ, ಹೆಲ್ಮೆಟ್ಟು ಯಾರದ್ದು ಅಂತಾನೂ ಗೊತ್ತಾಗಿದೆ. ಮೊದಲನೇ ವರ್ಷದ ಎಡೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಏನಿಡೋದು ಅಂತ ಅಮ್ಮಂಗೆ ಗೊತ್ತಾಗ್ತಿಲ್ಲ, ಹಿರಿಯರಿಗೆ ಇಟ್ಟು ಗೊತ್ತು, ಮಗನಿಗೆ ಇಟ್ಟು ಗೊತ್ತಿಲ್ಲ. ತಂಗಿ ಹೋಗಿ ಬಸ್ ಸ್ಟ್ಯಾಂಡ್ ಹತ್ರ ಗಾಡೀಲಿ ಅರ್ಧ ಪ್ಲೇಟ್ ಗೋಬಿ ಕಟ್ಟಿಸ್ಕೊಂಡು ಬರ್ತಾಳೆ, ಈರುಳ್ಳಿ ಜಾಸ್ತಿ ಹಾಕಿ ಅಂತ ಹೇಳಿ. ತಾತ, ಅಜ್ಜಿ ಎಲೆ ಪಕ್ಕದಲ್ಲಿ ಮೂರನೇ ಎಲೆ, ಅದರ ಮೇಲೆ ಮುದ್ದೆ, ಸಾರು, ಗೋಬಿ. ಬಾಗಿಲು ಎಳ್ಕೊಂಡು ಎಲ್ಲಾ ಹೊರಗೆ ಬರ್ತಾರೆ. ಅವ್ರು ತಿನ್ನೋ ತನಕ ಕಾಯೋದು, ಆಮೇಲೆ ಮನೇಲಿ ಚಿಕ್ಕೋರು ಯಾರಾದ್ರೂ ಬಾಗಿಲು ತಟ್ಟಿ ಒಳಗೆ ಹೋಗೋದು. ಅವರ ಮನೇಲಿ ಹೋದ ವರ್ಷದ ತನಕ ತಟ್ಟೋ ಕೆಲಸ ಅಣ್ಣಂದು, ಹಸಿವು ತಡೀದೆ ಎರಡೇ ನಿಮಿಷಕ್ಕೆ ದಬದಬ ಬಡಿದು "ತಿಂದಿದ್ ಸಾಕು ತಾತಾ, ನಮ್ಗೂ ಬುಡು" ಅಂತ ಬೈಸ್ಕೊಳ್ತಿದ್ದ. ಈ ವರ್ಷ ಎಲ್ರೂ ತಂಗಿ ಕಡೆ ನೋಡ್ತಾರೆ. ಅವಳು ಕೈ ಎತ್ತಿ ಬಾಗಿಲ ಹತ್ರ ನಿಲ್ತಾಳೆ, ತಟ್ಟಲ್ಲ. ಅಪ್ಪ "ಸಾರು ಆರೋಯ್ತದೆ ಕಣವ್ವಾ" ಅಂತಾನೆ. "ಇನ್ನೊಂದ್ ಚೂರು ಇರಪ್ಪಾ, ಅವ್ನು ಗೋಬಿ ನಿಧಾನ ತಿಂತಾನೆ" ಅಂತಾಳೆ.